ಕೆಂಪಾಗದ ಗಾಯ

ಬೆಳಗಿನ ಐದೂವರೆ. ಅಲಬಾಮಾದ ಮೊಬೀಲ್ ನಗರದ ವೃದ್ಧಾಶ್ರಮವೊಂದರಲ್ಲಿ ವರ್ನೀಸ್ ಪೆಟ್‌ವೇ ಬಿಸಿನೀರಿನ ಬೋಗುಣಿ ಹಿಡಿದು ಬಾಗಿಲು ತಟ್ಟುತ್ತಾರೆ. ಒಳಗಿರುವವರಿಗೆ ಮರೆಗುಳಿ ಕಾಯಿಲೆ. ತಟ್ಟಿದ್ದು ಗೊತ್ತಾಗುತ್ತದೋ ಇಲ್ಲವೋ. "ಗೊತ್ತಾಗ್ಲಿ ಬಿಡ್ಲಿ, ಅದು ಅವರ ಕೋಣೆ" ಅನ್ನುತ್ತಾರೆ.

ಐವತ್ತೆಂಟರ ಈ ಕಪ್ಪು ಜನಾಂಗದ ಸಹಾಯಕಿಗೆ ಇಲ್ಲಿ ಇಪ್ಪತ್ತಾರು ವರ್ಷ. ಪಾಳಿಯೊಂದಕ್ಕೆ ಹನ್ನೊಂದು ಮಂದಿಯನ್ನು ಎಬ್ಬಿಸಬೇಕು, ಮೈ ಒರೆಸಬೇಕು, ಉಣಿಸಬೇಕು. ಕೆಲವು ಬಿಳಿಯ ಅಜ್ಜಿಯರು ಈಗಲೂ "ಏ ಹುಡುಗಿ" ಎಂದೇ ಕರೆಯುತ್ತಾರೆ. "ಈ ವಯಸ್ಸಲ್ಲಿ ಹುಡುಗಿ ಅನ್ನಿಸ್ಕೊಳ್ಳೋದು ಯಾರಿಗುಂಟು" ಎಂದು ವರ್ನೀಸ್ ನಗುತ್ತಾರೆ.

ಕಳೆದ ವರ್ಷದ್ದನ್ನು ಹೇಳುವಾಗ ಮಾತ್ರ ನಗುವುದಿಲ್ಲ.

ಅಕ್ಕಪಕ್ಕದ ಕೋಣೆಗಳಲ್ಲಿ ಇಬ್ಬರು ಕೂಗುತ್ತಿದ್ದರು. ಬಿಳಿಯರಾದ ಮಿಸೆಸ್ ಲ್ಯಾಡ್ ಕೂಗಿದರೆ ನರ್ಸ್‌ಗಳು ಎಲ್ಲಿ ನೋವೆಂದು ಕೇಳಿ ಮಾತ್ರೆ ಕೊಡುತ್ತಿದ್ದರು. ನಲವತ್ತು ವರ್ಷ ಕ್ಷೌರಿಕರಾಗಿದ್ದ ಕಪ್ಪು ಜನಾಂಗದ ಲೂಷಿಯಸ್ ಬಾಯ್ಕಿನ್ ಕೂಗಿದರೆ "ಸಿಡುಕ, ಹೊಡೆಯುತ್ತಾನೆ" ಎಂದು ದಾಖಲೆಯಲ್ಲಿ ಬರೆದು ಮಂಪರಿನ ಔಷಧಿ. ಅವರು ದಿನವಿಡೀ ತೂಕಡಿಸತೊಡಗಿದರು, ಊಟ ಬಿಟ್ಟರು.

ವರ್ನೀಸ್ ಗಮನಿಸಿದರು: ಎಡಗಾಲಿಗೆ ಕಾಲುಚೀಲ ಹಾಕುವಾಗ ಮಾತ್ರ ಅವರು ಕೈ ಎತ್ತುತ್ತಾರೆ. ಹಿಮ್ಮಡಿಗೆ ಅಂಗೈ ಇಟ್ಟರೆ ಕಾವು. ಬಿಳಿಯ ನರ್ಸ್ ಬೆತ್ ಹಾಲಿಸ್‌ರನ್ನು ಕರೆತಂದರು.

"ಎಲ್ಲೂ ಕೆಂಪಾಗಿಲ್ವಲ್ಲ ವರ್ನೀಸ್?"

"ನಮ್ಮ ಚರ್ಮ ನಿಮ್ಮ ಹಾಗೆ ಕೆಂಪಾಗಲ್ಲಮ್ಮ. ಮುಟ್ಟಿ ನೋಡಿ."

ಬೆತ್ ಮುಟ್ಟಿದರು. ನೇರ ಹೋಗಿ ವೈದ್ಯರಿಗೆ ಫೋನ್ ಮಾಡಿದರು. ಆ ಮಧ್ಯಾಹ್ನವೇ ವೈದ್ಯರು ಬಂದರು. ಮಲಗಿ ಮಲಗಿ ಆದ ಹುಣ್ಣು, ಒಳಗೇ ಕೀವು ಕಟ್ಟಿತ್ತು. ಮಂಪರಿನ ಔಷಧಿ ನಿಂತಿತು, ನೋವಿನದು ಶುರುವಾಯಿತು.

"ಎರಡು ವಾರ ಆ ಕಾಲಿಗೆ ಚೀಲ ಎಳೆದವಳು ನಾನೇ," ಎನ್ನುತ್ತಾರೆ ವರ್ನೀಸ್. "ಬೇರೆಯವರನ್ನ ಏನನ್ಲಿ?"

ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ತಲೆ ಬಾಚಲು ಹೋದರೆ ಲೂಷಿಯಸ್ ಬಾಚಣಿಗೆ ಕಿತ್ತುಕೊಂಡು ವರ್ನೀಸ್ ತಲೆಯನ್ನೇ ನೋಡಿದರಂತೆ. "ಯಾರಮ್ಮ ನಿನ್ನ ಕೂದ್ಲು ಹೀಗೆ ಕೆಡಿಸಿದ್ದು?"

"ನನ್ ತಂಗಿ, ಮಿಸ್ಟರ್ ಲೂಷಿಯಸ್."

"ಅವಳ ಕೈಗೆ ಕತ್ತರಿ ಕೊಡ್ಬೇಡ."

ಈಗ ಹೊಸ ನರ್ಸ್‌ಗಳು ಬಂದರೆ ಕಪ್ಪು ಚರ್ಮದ ಹುಣ್ಣನ್ನು ಮುಟ್ಟಿ ಗುರುತಿಸುವುದನ್ನು ಕಲಿಯಲು ಬೆತ್ ಮೊದಲು ವರ್ನೀಸ್ ಬಳಿ ಕಳಿಸುತ್ತಾರೆ. ಇನ್ನೇನು ಆಸೆ ಎಂದು ನಾನು ವರ್ನೀಸ್‌ರನ್ನು ಕೇಳಿದೆ. ಮುಂದಿನ ಕೋಣೆಯ ಬಾಗಿಲ ಮುಂದೆ ಬೋಗುಣಿ ಇಳಿಸಿದರು.

"ನಾನು ರಜೆಯಲ್ಲಿದ್ದಾಗ್ಲೂ ಇಲ್ಲಿರೋರ ನೋವು ಯಾರಿಗಾದ್ರೂ ಕಾಣ್ಬೇಕು. ಅಷ್ಟಾದ್ರೆ ಒಂದು ವಾರ ಸಮುದ್ರದ ಹತ್ರ ಹೋಗಿ ಸುಮ್ನೆ ಕೂತ್ಕೋತೀನಿ."