ಹೆಂಡತಿ ಬೆಳೆದ ಬೀದಿ

ಸ್ಪೇರ್ ಪಾರ್ಟ್ಸ್ ಅಂಗಡಿಯನ್ನು ಮಗಳಿಗೂ ಅಳಿಯನಿಗೂ ಒಪ್ಪಿಸಿದ ಮೇಲೆ ನನಗೆ ಸಂಜೆಗಳು ಸಿಕ್ಕವು. ಶಿವಮೊಗ್ಗದ ಗೋಪಾಳದ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಗಾಣದೆತ್ತಿನ ಹಾಗೆ ಸುತ್ತುವುದು ಒಗ್ಗಲಿಲ್ಲ. ಹೆಂಡತಿಯನ್ನು ಕರೆದುಕೊಂಡು, ಚಿಕ್ಕಂದಿನಲ್ಲಿ ಓಡಾಡಿದ ಬೀದಿಗಳನ್ನೇ ಮತ್ತೆ ನಡೆದು ನೋಡತೊಡಗಿದೆ. ಸವಳಂಗ ರಸ್ತೆಯಲ್ಲಂತೂ ಹೆಜ್ಜೆಗೊಂದು ಕಥೆ ನನ್ನದು. ಈ ಶೋರೂಮ್ ಇರುವಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುತ್ತಿದ್ದರು, ಆ ಕಾಂಪ್ಲೆಕ್ಸ್ ಎದ್ದಿರುವಲ್ಲಿ ನಾವು ಗಾಳಿಪಟ ಬಿಡುತ್ತಿದ್ದೆವು. ಅವಳು ಹಿಂದೆ ಬರುತ್ತ ಹ್ಞೂಂ ಅನ್ನುತ್ತಿದ್ದಳು.

ಒಂದು ಸಂಜೆ ರಸ್ತೆ ಪಕ್ಕ ನಿಂತುಬಿಟ್ಟಳು. "ನಿಮ್ಮ ಬೀದಿಗಳೆಲ್ಲಾ ಆಯ್ತು. ನನಗೂ ಒಂದು ಬೀದಿ ಇತ್ತು ಕಣ್ರೀ."

ಅವಳು ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅವಳ ಅಬ್ಬಾ ಅಲ್ಲಿ ಕ್ರೇನ್ ನಡೆಸುತ್ತಿದ್ದರು. ನಮ್ಮ ನಿಕಾಹ್ ಹೊತ್ತಿಗೆ ಅವರು ರಿಟೈರಾಗಿ ಶಿವಮೊಗ್ಗಕ್ಕೆ ಬಂದಿದ್ದರಿಂದ ಆ ಮನೆಯನ್ನು ನಾನು ನೋಡಿರಲೇ ಇಲ್ಲ.

ಭಾನುವಾರ ಬಸ್ಸು ಹತ್ತಿದೆವು. ಭದ್ರಾವತಿಯಲ್ಲಿ ಇಳಿದವಳೇ ಆಟೋ ಬೇಡ ಅಂದಳು. ಈಗ ಅವಳು ಮುಂದೆ, ನಾನು ಹಿಂದೆ. ಅಷ್ಟು ಬಿರುಸಾಗಿ ಅವಳು ನಡೆದದ್ದನ್ನು ನಾನು ಕಂಡಿರಲಿಲ್ಲ.

ಕ್ವಾರ್ಟರ್ಸ್ ಸಿಕ್ಕಿತು, ಮನೆ ಸಿಗಲಿಲ್ಲ. ಸಾಲು ಸಾಲು ಒಂದೇ ಅಚ್ಚಿನ ಮನೆಗಳು. ಎಷ್ಟೋ ಬಾಗಿಲಿಗೆ ಬೀಗ, ಕೆಲವಕ್ಕೆ ಮೇಲೆ ಮಾಡೇ ಇಲ್ಲ. ಅಂಗಳದಲ್ಲೆಲ್ಲ ಗಿಡಗಂಟಿ. ಅಲ್ಲೊಂದು ಇಲ್ಲೊಂದು ಮನೆ ಮುಂದೆ ಮಾತ್ರ ಬಟ್ಟೆ ಒಣಗುತ್ತಿತ್ತು. ಒಂದು ಓಣಿಗೆ ಹೊಕ್ಕಳು, "ಇದಲ್ಲ" ಅಂತ ವಾಪಸು ಬಂದಳು. ಇನ್ನೊಂದಕ್ಕೂ ಹೋಗಿ ಬಂದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಆ ಕಡೆ ಈ ಕಡೆ ನೋಡಿದಳು.

"ಬಾ ಮಾರಾಯ್ತಿ, ಬಿಸಿಲು ಏರ್ತಿದೆ. ಇನ್ನೊಂದಿನ ಬರೋಣ" ಅಂದೆ.

ಅಷ್ಟರಲ್ಲಿ ಪಕ್ಕದ ಓಣಿಯಿಂದ ಯಾರೋ ತಮಿಳಿನಲ್ಲಿ ಜೋರಾಗಿ ಬೈಯುವುದು ಕೇಳಿಸಿತು. ಹೋಗಿ ನೋಡಿದರೆ ಒಬ್ಬ ಮುದುಕಿ, ಒಣಹಾಕಿದ ಸಂಡಿಗೆಗೆ ಬಾಯಿ ಹಾಕಿದ್ದ ಆಡನ್ನು ಓಡಿಸುತ್ತಿದ್ದರು. ನನ್ನ ಹೆಂಡತಿ ಗೇಟು ಹಿಡಿದುಕೊಂಡು, "ಅಕ್ಕಾ, ಎನ್ನೆ ತೆರಿಯುದಾ?" ಅಂದಳು. ನನ್ನ ಗುರುತು ಸಿಕ್ಕಿತಾ ಅಂತ.

ನಾನು ಬೆಪ್ಪಾಗಿ ನಿಂತೆ. ಮನೆಯಲ್ಲಿ ದಖನಿ ಉರ್ದು, ಹೊರಗೆ ಕನ್ನಡ. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಒಂದು ತಮಿಳು ಮಾತು ಕೇಳಿದವನಲ್ಲ ನಾನು.

ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಗುರುತು ಸಿಕ್ಕಿದ್ದೇ ಅವಳ ಎರಡೂ ಕೆನ್ನೆ ಹಿಡಿದುಕೊಂಡರು. ಇಬ್ಬರೂ ಒಟ್ಟಿಗೇ ಮಾತಾಡಿದರು, ಒಟ್ಟಿಗೇ ನಕ್ಕರು. ಆಮೇಲೆ ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಇವಳ ತಾಯಿ ಆಸ್ಪತ್ರೆ ಸೇರಿದ್ರು. ಒಂದು ಮಳೆಗಾಲ ಪೂರ್ತಿ ಇವಳು ನನ್ನ ಮಗ್ಗುಲಲ್ಲೇ ಮಲಗಿದ್ಲು. ತಮಿಳು ಕಲಿತಿದ್ದು ಆವಾಗ್ಲೇ. ಹೇಳಿಲ್ವಾ ನಿಮಗೆ?"

ಹೇಳಿರಲಿಲ್ಲ.

ಪಕ್ಕದ್ದೇ ಅವಳ ಮನೆ. ಮಾಡು ಕುಸಿದು, ಅಡುಗೆಮನೆ ಇದ್ದ ಜಾಗದಲ್ಲಿ ಪಪ್ಪಾಯಿ ಗಿಡ ಎದ್ದಿತ್ತು. ಅವಳು ಒಳಗೆ ಹೋಗಿ ಗೋಡೆ ಮುಟ್ಟಿ ಸ್ವಲ್ಪ ಹೊತ್ತು ನಿಂತು ಬಂದಳು. ಅಳಲಿಲ್ಲ. ಮುದುಕಿ ಕೊಟ್ಟ ಕಾಫಿ ಕುಡಿದು ಹೊರಟೆವು.

ಬಸ್ಸಿನಲ್ಲಿ ಕೇಳಿದೆ, "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ಅವಳು ಕಿಟಕಿ ಕಡೆ ನೋಡುತ್ತ ಹೇಳಿದಳು: "ಅಮ್ಮೀ ಹುಷಾರಾಗಿ ಮನೆಗೆ ಬಂದ್ರಲ್ಲ. ಆಮೇಲೆ ನಮ್ಮನೇಲಿ ಯಾರೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ತಮಿಳು ಯಾರ ಹತ್ರ ಆಡ್ಲಿ?"

ಈಗ ತಿಂಗಳಿಗೊಮ್ಮೆಯಾದರೂ ಭದ್ರಾವತಿಗೆ ಹೋಗುತ್ತೇವೆ. ಅವರಿಬ್ಬರೂ ಜಗಲಿಯಲ್ಲಿ ಕೂತು ಮಾತಾಡುತ್ತಾರೆ. ನನಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಕೇಳುತ್ತ ಕೂತಿರುತ್ತೇನೆ.