ತುಕ್ಕು ನೆಕ್ಕಿದ ರುಚಿ

ಆ ಹೋಟೆಲಿನಲ್ಲಿ ಮಾಂಸ ಸುಡುವ ಒಲೆ ಅವಳದು. ದೊಡ್ಡ ಪಾತ್ರೆಯ ಸೂಪಿಗೆ ಚಿಟಿಕೆ ಉಪ್ಪು ಕಡಿಮೆಯಾದರೂ ಅವಳ ನಾಲಿಗೆ ಹಿಡಿದುಬಿಡುತ್ತಿತ್ತು. ಹಾಗಾಗಿ ಅಡುಗೆಮನೆಗೆಲ್ಲ ಅವಳು ಉಪ್ಪಕ್ಕ.

ಊಟದ ಹಾಲ್‌ನಲ್ಲಿ ವೈನ್ ಕೊಡುವವರು ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಬಾಟಲಿಯ ಬಗ್ಗೆ ಬಾಯಿ ತೆರೆದರೆ ಗಿರಾಕಿಗಳು ಕೈಕಟ್ಟಿ ಕೂರುತ್ತಿದ್ದರು, ಅದಕ್ಕೆ ಆ ಹೆಸರು. ಆ ಬಾಯಿಗೆ ಮಾತು ಎಲ್ಲಿಂದ ಬರುತ್ತಿತ್ತು ಎಂಬುದು ಇಬ್ಬರಿಗೆ ಮಾತ್ರ ಗೊತ್ತು. ಹನ್ನೆರಡು ವರ್ಷದಿಂದ, ಹೊಸ ಬಾಟಲಿ ಬಂದಾಗಲೆಲ್ಲ, ಮಧ್ಯಾಹ್ನ ಅಡುಗೆಮನೆ ಖಾಲಿಯಾದ ಮೇಲೆ ಮೇಷ್ಟ್ರು ಅದನ್ನು ಹಿಡಿದು ಒಲೆ ಹತ್ತಿರ ಬರುತ್ತಿದ್ದರು. ಉಪ್ಪಕ್ಕ ಒಂದು ಗುಟುಕು ಬಾಯಲ್ಲಿ ಆಡಿಸಿ, ಒಂದು ತುಂಡು ಮಾಂಸ ಅಗಿದು, ಮತ್ತೊಂದು ಗುಟುಕು ನೋಡಿ, ಸಿಂಕಿಗೆ ಉಗಿದು ಹೇಳುತ್ತಿದ್ದಳು. ಅವರು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು.

"ಇದು ಜಾಸ್ತಿ ಒಗರು ಮೇಷ್ಟ್ರೇ, ಬಾಯೆಲ್ಲ ಒಣಗಿಸುತ್ತೆ. ಕೊಬ್ಬಿರೋ ಮಾಂಸದ ಜೊತೆ ಕೊಡಿ, ಸಾಧುವಾಗುತ್ತೆ. ಮೀನಿನ ಜೊತೆ ಕೊಟ್ರೆ ತುಕ್ಕು ನೆಕ್ಕಿದ ಹಾಗಿರುತ್ತೆ."

ಸಂಜೆ ಮೇಷ್ಟ್ರ ಬಾಯಲ್ಲಿ ಅದೇ ತುಕ್ಕಿನ ಮಾತು ಕೇಳಿ ಹಾಲ್‌ನಲ್ಲಿ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗು ಒಲೆಯವರೆಗೂ ಕೇಳುತ್ತಿತ್ತು. ಆಗ ಅವಳಿಗೆ ಹೆಮ್ಮೆಯೇ ಆಗುತ್ತಿತ್ತು, ಹುಚ್ಚಿ.

ಈಚೆಗೆ ಒಲೆಯ ಹೊಗೆ ಕುಡಿದೂ ಕುಡಿದೂ ಅವಳ ಮೂಗು ಮಂಕಾಗತೊಡಗಿತ್ತು. ಬೆಳಿಗ್ಗೆ ಕಾಫಿ ಲೋಟ ಮೂಗಿನ ಹತ್ತಿರ ಹಿಡಿದರೂ ಘಮ ಸಿಗಲು ಹೊತ್ತಾಗುತ್ತಿತ್ತು. ಇನ್ನೆರಡು ವರ್ಷ ಇಲ್ಲೇ ನಿಂತರೆ ಇರುವುದೊಂದು ಆಸ್ತಿಯೂ ಹೋಯಿತು ಎಂದು ಅವಳಿಗೆ ಜೀವ ಹೊಡೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಕೆಲಸ ಬಿಡುವ ಮಾತೆತ್ತಿದರು.

"ನನ್ನ ಜಾಗಕ್ಕೆ ನಿನ್ನ ಹೆಸರು ಹೇಳ್ತೀನಿ, ಪರೀಕ್ಷೆಗೆ ಬಾ," ಅಂದರು.

ಮಗಳ ಬಿಗಿಯಾದ ಬೂಟಿನಲ್ಲಿ ಕಾಲು ತುರುಕಿಕೊಂಡು ಉಪ್ಪಕ್ಕ ಮೊದಲ ಸಲ ಮುಂಬಾಗಿಲಿನಿಂದ ಊಟದ ಹಾಲ್‌ಗೆ ಹೋದಳು. ಹೋಟೆಲಿನ ಒಡತಿ ಲೇಬಲ್ ಕಿತ್ತ ಬಾಟಲಿಯಿಂದ ಕಡುಗೆಂಪು ವೈನ್ ಸುರಿದು, ಇದನ್ನು ಯಾವುದರ ಜೊತೆ ಕೊಡುತ್ತೀಯ ಎಂದು ಕೇಳಿದರು. ಪಕ್ಕದಲ್ಲೇ ಮೇಷ್ಟ್ರು ಕೂತಿದ್ದರು. ಉಪ್ಪಕ್ಕ ಮೂಸಿದಳು, ಬಾಯಲ್ಲಿ ಆಡಿಸಿದಳು, ಉಗಿದಳು. ಮೂಗು ಕೈಕೊಡಲಿಲ್ಲ.

"ಒಗರು ಜಾಸ್ತಿ ಇದೆ ಅಮ್ಮಾ. ಕೊಬ್ಬಿರೋ ಕುರಿ ಮಾಂಸ ಸುಟ್ಟು ಕೊಟ್ರೆ ಸಾಧುವಾಗುತ್ತೆ. ಮೀನು ಬೇಡ, ತುಕ್ಕು ನೆಕ್ಕಿದ ಹಾಗಿರುತ್ತೆ."

ಒಡತಿ ನಕ್ಕುಬಿಟ್ಟರು. "ಮೇಷ್ಟ್ರ ಮಾತನ್ನ ಮೇಷ್ಟ್ರ ಮುಂದೇನೇ ಒಪ್ಪಿಸ್ತಿದೀಯಲ್ಲ. ಬಾಯಿಪಾಠ ಚೆನ್ನಾಗಿದೆ. ಆದ್ರೆ ನಂಗೆ ಸ್ವಂತ ನಾಲಿಗೆ ಇರೋರು ಬೇಕು."

ಬೇರೆ ಮಾತು ಹೊಂದಿಸಿಕೊಂಡು ಬರಬೇಕಿತ್ತು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ತನ್ನ ಮಾತೇ ಇರುವಾಗ ಬೇರೆಯದನ್ನು ಯಾಕೆ ಹುಡುಕುತ್ತಾಳೆ? ಅದು ನನ್ನದು ಎಂದು ಈಗ ಬಾಯಿ ಬಡಿದುಕೊಂಡರೂ ನಂಬುವವರಿರಲಿಲ್ಲ. ಅವಳು ಮೇಷ್ಟ್ರ ಮುಖ ನೋಡಿದಳು. ಅವರು ಒಂದು ಮಾತು ಆಡಿದರೆ ಸಾಕಿತ್ತು.

ಆಡಿದರು. "ಪಾಪ, ಹೇಳಿಕೊಟ್ಟಿದ್ದನ್ನ ಮರೆಯೋ ಹೆಂಗಸಲ್ಲ," ಅಂದರು.

ಸಂಜೆಯ ಗಿರಾಕಿಗಳು ಬರುವ ಮೊದಲೇ ಮಗಳು ಫೋನ್ ಮಾಡಿದಳು. ಉಪ್ಪಕ್ಕ ಒಲೆಗೆ ಇದ್ದಿಲು ಸುರಿಯುತ್ತಿದ್ದಳು.

"ಏನಾಯ್ತಮ್ಮಾ, ಕೆಲಸ ಸಿಕ್ತಾ?"

"ಇಲ್ಲ ಕಣೆ. ನನ್ನ ಮಾತನ್ನ ನಾನೇ ಕದ್ದೆನಂತೆ."