ಕಿವಿಹರುಕ ಗುರುತು ಹಿಡಿದ ದಿನ

ನಮ್ಮ ನರಸಿಂಹಮ್ಮ ದೊಡ್ಡಮ್ಮ ತಪ್ಪು ಮಾಡಿದರೂ ಜೋರಾಗಿ ಮಾಡುತ್ತಿದ್ದಳು, ಒಪ್ಪಿಕೊಂಡರೂ ಜೋರಾಗಿಯೇ. ಗುಬ್ಬಿ ಪಕ್ಕದ ನಮ್ಮೂರಲ್ಲಿ ಅವಳಿಗಿದ್ದದ್ದು ನಲವತ್ತು ತೆಂಗಿನ ಮರ, ಒಂದು ಬಾಯಿ. ಆ ಬಾಯಿಗೆ ಊರ ಗಂಡಸರೂ ದಾರಿ ಬಿಡುತ್ತಿದ್ದರು.

ಶನಿವಾರ ಆಂಜನೇಯನ ಗುಡಿ ಮುಂದೆ ಕೋತಿಗಳಿಗೆ ಬಾಳೆಹಣ್ಣು ಕೊಡುವುದು ನಮ್ಮೂರ ಪದ್ಧತಿ. ಎಡಗಿವಿ ಹರಿದ ಗಡವ ಕೋತಿಯೊಂದು ದೊಡ್ಡಮ್ಮನ ಕೈಯಿಂದಲೇ ಹಣ್ಣು ಇಸಿದುಕೊಳ್ಳುತ್ತಿತ್ತು. ಅದಕ್ಕೆ ಕಿವಿಹರುಕ ಎಂದು ಹೆಸರಿಟ್ಟಿದ್ದಳು. ಭಾನುವಾರ ಅದೇ ಕಿವಿಹರುಕ ತೋಟಕ್ಕೆ ನುಗ್ಗಿ ಎಳನೀರು ಕಿತ್ತು ಬಿಸಾಡಿದರೆ ಅವಳೇ ಕವಣೆ ಹಿಡಿದು ಅಟ್ಟುತ್ತಿದ್ದಳು. ಶನಿವಾರ ದೇವರು, ಭಾನುವಾರ ಕಳ್ಳ. ಇದರಲ್ಲೇನೋ ಎಡವಟ್ಟಿದೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

೧೯೯೮ರಲ್ಲಿ ಕಾಟ ಮಿತಿಮೀರಿತು. ಕೋತಿ ಹಿಡಿಯುವವನನ್ನು ಕರೆಸಲೇಬೇಕೆಂದು ಹಟ ಮಾಡಿದವಳು ದೊಡ್ಡಮ್ಮ. ಬೋನಿನೊಳಗೆ ಹಣ್ಣಿಟ್ಟವಳೂ ಅವಳೇ. ಬೇರೆಯವರ ಹಣ್ಣಿಗೆ ಕಿವಿಹರುಕ ಬರಬೇಕಲ್ಲ. ಹಿಡಿದ ಕೋತಿಗಳನ್ನು ಹೇರಿಕೊಂಡು ಲಾರಿ ಹೊರಟಾಗ ಎಲ್ಲಿಗೆಂದು ಒಬ್ಬರೂ ಕೇಳಲಿಲ್ಲ.

"ಎಲ್ಲಾದ್ರೂ ಬುಡ್ಲಿ, ನಮ್ಮೂರು ದಾಟಿದ್ರೆ ಸಾಕು" ಎಂದಳು ದೊಡ್ಡಮ್ಮ.

ಮೂರು ವಾರದ ಮೇಲೆ ಅವಳ ಜೊತೆ ನಾನೂ ಕುಣಿಗಲ್ ಕಡೆ ಹೋದೆ. ಯಡಿಯೂರಿನಾಚೆಯ ಹಳ್ಳಿಗೆ ಅವಳ ಮಗಳು ಪ್ರೇಮಲತಾಳನ್ನು ಕೊಟ್ಟಿತ್ತು. ಅವರೆಕಾಯಿ ಕಾಲ. ಆ ವರ್ಷ ಮೊದಲ ಸಲ ಅತ್ತೆ ಸಿದ್ದಗಂಗಮ್ಮ ಅವರೆ ಹೊಲವನ್ನು ಸೊಸೆಯ ಕೈಗೆ ಬಿಟ್ಟಿದ್ದರು. ಹೋಗಿ ನೋಡಿದರೆ ಅರ್ಧ ಹೊಲ ಬರಿದಾಗಿತ್ತು. ಪ್ರೇಮಲತಾ ತಲೆ ಎತ್ತಲಿಲ್ಲ.

"ನಾನ್ ನೋಡ್ಕೊಂಡಾಗ ಒಂದು ಕೋತಿ ಸುಳಿದಿರ್ನಿಲ್ಲ. ನಿಮ್ಮ ಮಗಳ ಕೈಗೆ ಕೊಟ್ಟೆ, ನೋಡಿ ಹೆಂಗಾಯ್ತು" ಎಂದರು ಸಿದ್ದಗಂಗಮ್ಮ.

ಅಷ್ಟರಲ್ಲಿ ಗೋಡೆಯಿಂದ ಧುಮುಕಿದ ಗಡವವೊಂದು ನೇರವಾಗಿ ಬಂದು ದೊಡ್ಡಮ್ಮನೆದುರು ಕೂತು ಕೈ ಚಾಚಿತು. ಎಡಗಿವಿ ಹರಿದಿತ್ತು. ದೊಡ್ಡಮ್ಮ ಸುಮ್ಮನಿದ್ದಿದ್ದರೆ ಬೀಗರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

"ಬೀಗ್ರೇ, ನನ್ ಮಗಳ ತಪ್ಪೇನಿಲ್ಲ. ಇವು ನಮ್ಮೂರ ಕೋತಿ ಕಣ್ರೀ. ಲಾರಿ ಹತ್ತಿಸ್ದೋಳು ನಾನೇ" ಎಂದಳು ಬೀದಿಗೆಲ್ಲ ಕೇಳುವ ಹಾಗೆ.

ಅವತ್ತು ಅವಳಿಗೆ ಊಟ ಸೇರಲಿಲ್ಲ. ಮಾರನೆಯ ದಿನ ಸೂರ್ಯ ಹುಟ್ಟುವ ಮೊದಲೇ ಹಳೇ ಡಬ್ಬ ಹಿಡಿದು ಹೊಲದಲ್ಲಿದ್ದಳು. ಹನ್ನೆರಡು ದಿನ ಬೆಳೆ ಕಾದಳು. ಮೂರನೇ ದಿನದಿಂದ ಸಿದ್ದಗಂಗಮ್ಮನೂ ತಟ್ಟೆ ಬಡಿಯುತ್ತ ಜೊತೆಗೂಡಿದರು. ಉಳಿದ ಅರ್ಧ ಬೆಳೆ ಪ್ರೇಮಲತಾಳ ಕೈ ಸೇರಿತು.

ನಮ್ಮೂರಿಗೆ ವಾಪಸು ಬಂದರೆ ಗುಡಿ ಮುಂದೆ ಬೇರೆ ಬೆಟ್ಟದ ಹೊಸ ಹಿಂಡು ಬಾಳೆಹಣ್ಣು ಸುಲಿಯುತ್ತಿತ್ತು! ದೊಡ್ಡಮ್ಮ ಹಣ್ಣಿನ ಬುಟ್ಟಿ ಎತ್ತಿ ಗುಡಿಯೊಳಗಿಟ್ಟಳು.

"ಶನಿವಾರದ ಸೇವೆ ನಿಂತ್ರೆ ಸ್ವಾಮಿ ಮುನಿತಾನೆ ಕಣವ್ವಾ" ಎಂದ ಪೂಜಾರಿ ರಾಮಾಂಜಿನಯ್ಯ.

"ಹಣ್ಣು ಸ್ವಾಮಿ ಮುಂದಿಡು, ಮಕ್ಕಳಿಗೆ ಹಂಚು. ಮುನಿಯೋದಾದ್ರೆ ನನ್ ಮ್ಯಾಲೆ ಮುನೀಲಿ."

ದಿನಕ್ಕೆರಡು ಮನೆಯಂತೆ ತೋಟ ಕಾಯುವ ಸರದಿಯನ್ನೂ ಅವಳೇ ಹಾಕಿದಳು. ತಪ್ಪಿಸಿಕೊಂಡವರ ಬಾಗಿಲಲ್ಲಿ ನಿಂತು ಬೈದಳು. ಕೋತಿಗಳ ಹೊಟ್ಟೆಗೆಂದು ಊರಾಚೆಯ ಬೆಟ್ಟದ ಬುಡದಲ್ಲಿ ಅತ್ತಿ, ನೇರಳೆ ಸಸಿ ನೆಡಿಸಿದಳು. ಕೋತಿ ಬರುವುದು ನಿಲ್ಲಲಿಲ್ಲ, ಸುಳ್ಳು ಹೇಳಬಾರದು. ಆದರೆ ಠಿಕಾಣಿ ಹೂಡುವುದು ನಿಂತಿತು.

೨೦೦೪ರಲ್ಲಿ ಅದೇ ಕೋತಿ ಹಿಡಿಯುವವನು ಬೋನಿನೊಂದಿಗೆ ಮತ್ತೆ ಬಂದ. ಸರದಿ ಕಾದು ಬೇಸತ್ತಿದ್ದ ಗಂಡಸರು ಗುಡಿ ಜಗಲಿಯಲ್ಲಿ ಕೂತು ಆಗಲೇ ಹೂಂ ಎಂದು ತಲೆಯಾಡಿಸಿದ್ದರು.

"ಬುಡೋದು ಯಾವ್ಯಾವೂರಲ್ಲಪ್ಪ? ಹೆಸ್ರೇಳು" ಎಂದಳು ದೊಡ್ಡಮ್ಮ.

ಅವನು ತಡವರಿಸುತ್ತ ನಾಲ್ಕು ಊರು ಹೆಸರಿಸಿದ. ದೊಡ್ಡಮ್ಮ ಜಗಲಿಯತ್ತ ತಿರುಗಿದಳು.

"ಆ ಊರುಗಳಿಗೆ ಹೆಣ್ಣು ಕೊಟ್ಟಿರೋರು ಕೈ ಎತ್ರಪ್ಪ."

ಮೊದಲು ಎತ್ತಿದವನು ರಾಮಾಂಜಿನಯ್ಯ. ಆಮೇಲೆ ಒಂದೊಂದಾಗಿ ಜಗಲಿಯ ತುಂಬ ಕೈ ಎದ್ದವು. ಬಂದವನು ಖಾಲಿ ಬೋನನ್ನು ಮತ್ತೆ ಲಾರಿಗೆ ಹಾಕಿಕೊಂಡ.